ಮೂರು ಇಂಚೋ, ಮೂರೂವರೆಯೋ: ಎಕ್ಸಾಸ್ಟ್ ಪೈಪು ಆರಿಸಿದ ನನ್ನ ಅನುಭವ

ನನ್ನದು ಆರು ಸಿಲಿಂಡರಿನ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಸಾಧನ) ಇರುವ ಪೆಟ್ರೋಲ್ ಎಂಜಿನ್, 400 ಹಾರ್ಸ್‌ಪವರ್ ಆಸುಪಾಸು. ಕೆಲಸಕ್ಕೆ ಹೋಗುವುದಕ್ಕೂ ಇದೇ ಕಾರು. ಟರ್ಬೊ ದೊಡ್ಡದು ಹಾಕಿಸಿದ ಮೇಲೂ ಹಳೆಯ ಎರಡೂವರೆ ಇಂಚಿನ ಎಕ್ಸಾಸ್ಟ್ ಪೈಪನ್ನೇ ಉಳಿಸಿಕೊಂಡಿದ್ದೆ. 5,000 ಆರ್‌ಪಿಎಂ ದಾಟಿದರೆ ಎಂಜಿನ್ನಿಗೆ ಉಸಿರುಗಟ್ಟಿದ ಹಾಗಾಗುತ್ತಿತ್ತು.

ಪೈಪು ಕೊಳ್ಳುವ ಮೊದಲು ಹಳೆಯದರೊಳಗೆ ಹೊಗೆಯ ಒತ್ತಡ ಎಷ್ಟಿದೆ ಎಂದು ಅಳೆಯೋಣ ಅನಿಸಿತು. ಇಡೀ ಕೆಲಸದಲ್ಲಿ ನಾನು ಮಾಡಿದ ಅತ್ಯಂತ ಸರಿಯಾದ ಕೆಲಸ ಇದೇ. ಟರ್ಬೊ ದಾಟಿದ ಕೂಡಲೇ, ಆಕ್ಸಿಜನ್ ಸೆನ್ಸರಿನ ಪಕ್ಕ ಇನ್ನೊಂದು ತೂತು ಕೊರೆಸಿ ನಟ್ಟು ವೆಲ್ಡ್ ಮಾಡಿಸಿದೆ. ಅಲ್ಲಿಂದ ಸಣ್ಣ ಸ್ಟೀಲ್ ನಳಿಗೆಯನ್ನು ಸುರುಳಿ ಸುತ್ತಿ ಹೊರಗೆ ತಂದು, ಬಿಸಿ ಆರಿದ ತುದಿಗೆ ರಬ್ಬರ್ ಹೋಸು, ಅದಕ್ಕೊಂದು ಗೇಜು. ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ 6,500 ಆರ್‌ಪಿಎಂನಲ್ಲಿ ಮುಳ್ಳು 7 ಪಿಎಸ್‌ಐ ತೋರಿಸಿತು. ರಸ್ತೆ ಕಾರಿಗೂ ಇದು ವಿಪರೀತವೇ.

‘ಸ್ವಲ್ಪ ಬ್ಯಾಕ್ ಪ್ರೆಶರ್ (ಹೊರಹೋಗುವ ಹೊಗೆಗೆ ಎದುರಾಗುವ ಒತ್ತಡ) ಇರಲೇಬೇಕು, ಇಲ್ಲದಿದ್ದರೆ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಹೋಗುತ್ತದೆ’ ಎಂದು ಹೇಳಿದವರು ಒಬ್ಬಿಬ್ಬರಲ್ಲ. ಈ ಮಾತು ಎರಡು ಸಂಗತಿಗಳನ್ನು ಕಲಸಿಬಿಡುತ್ತದೆ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಹೆಡರ್ ಪೈಪು (ಸಿಲಿಂಡರುಗಳಿಂದ ಹೊಗೆ ಹೊರತರುವ ಮೊದಲ ಪೈಪು) ಅತಿ ದಪ್ಪವಾದರೆ ಅನಿಲದ ವೇಗ ಇಳಿಯುತ್ತದೆ. ಮುಂದೆ ಹೋದ ಹೊಗೆ ಹಿಂದಿನದನ್ನು ಎಳೆದುಕೊಳ್ಳುವ ಸೆಳೆತ ಕುಗ್ಗುತ್ತದೆ. ಬೇಕಾದದ್ದು ಆ ವೇಗ, ಒತ್ತಡವಲ್ಲ. ಟರ್ಬೊ ದಾಟಿದ ಮೇಲಂತೂ ಈ ಚಿಂತೆಯೇ ಇಲ್ಲ. ಟರ್ಬೈನ್, ಅಂದರೆ ಟರ್ಬೊ ಒಳಗಿನ ಚಕ್ರ, ತಿರುಗುವುದು ಹೊಗೆ ಅದಕ್ಕೆ ಬರುವ ಕಡೆಯ ಮತ್ತು ದಾಟಿ ಹೋಗುವ ಕಡೆಯ ಒತ್ತಡದ ಅಂತರದಿಂದ. ದಾಟಿದ ಮೇಲೆ ಒತ್ತಡ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಹಾಗಾದರೆ ಸಿಕ್ಕಷ್ಟು ದಪ್ಪ ಹಾಕಬಹುದಲ್ಲ? ಲೆಕ್ಕಕ್ಕೆ ಕೂತೆ. ಪೈಪಿನ ಮೇಲೆ ಬರೆದಿರುವುದು ಹೊರ ಅಳತೆ. ಗೋಡೆ 1.65 ಮಿಲಿಮೀಟರ್ ದಪ್ಪ ಇದ್ದರೆ ಮೂರು ಇಂಚಿನ ಪೈಪಿನ ಒಳಗೆ 2.87 ಇಂಚು ಮಾತ್ರ. ಒಳಗಿನ ಜಾಗ ಎರಡೂವರೆ ಇಂಚಿನದಕ್ಕೆ 4.4 ಚದರ ಇಂಚು, ಮೂರರದ್ದಕ್ಕೆ 6.5, ಮೂರೂವರೆಯದ್ದಕ್ಕೆ 8.9. ಅರ್ಧ ಇಂಚು ಏರಿದರೆ ಜಾಗ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಗ್ಯಾರೇಜುಗಳಲ್ಲಿ ಬಳಕೆಯಲ್ಲಿರುವ ಅಂದಾಜು, ಒಂದು ಹಾರ್ಸ್‌ಪವರಿಗೆ ನಿಮಿಷಕ್ಕೆ 2.2 ಘನ ಅಡಿ ಹೊಗೆ, ಪೈಪಿನ ಒಂದು ಚದರ ಇಂಚಿನಲ್ಲಿ ನಿಮಿಷಕ್ಕೆ ಹಾಯುವುದು 115 ಘನ ಅಡಿ. ಆ ಪ್ರಕಾರ ನನಗೆ ಬೇಕಾದದ್ದು 7.7 ಚದರ ಇಂಚು. ಮೂರಕ್ಕೆ ಸ್ವಲ್ಪ ಕೊರತೆ, ಮೂರೂವರೆಗೆ ಧಾರಾಳ.

ಕಾರಿನ ಕೆಳಗೆ ಮಲಗಿ ರಟ್ಟಿನ ಕೊಳವೆ ಹಿಡಿದು ನೋಡಿದೆ. ಮೂರೂವರೆ ಇಂಚು ಹಿಂದಿನ ಆಕ್ಸಲ್ ಮೇಲೆ ಹಾಯಲು ಜಾಗವೇ ಇಲ್ಲ. ತಳದಲ್ಲಿ ಇಳಿಬಿಟ್ಟರೆ ಪ್ರತಿ ಹಂಪಿಗೂ ತಾಗುವುದು ಖಂಡಿತ. ಅನಿಲ ಹಿಂದೆ ಹೋದಂತೆ ತಣ್ಣಗಾಗಿ ಕುಗ್ಗುತ್ತದೆ, ಜಾಗ ಹೆಚ್ಚು ಬೇಕಾಗಿರುವುದು ಮುಂದೆ. ಹಾಗಾಗಿ ಟರ್ಬೊ ಬಾಯಿಂದ ಕೆಳಗಿಳಿಯುವ ಡೌನ್‌ಪೈಪ್ ಮೂರೂವರೆ, ಅಲ್ಲಿಂದ ಕೊನೆತನಕ ಮೂರು ಎಂದು ನಿರ್ಧರಿಸಿದೆ.

ಹಾಕಿಸಿ ಮತ್ತೆ ಅಳೆದರೆ 4.5 ಪಿಎಸ್‌ಐ! ಬಹಳ ಬೇಸರವಾಯಿತು. ಪೈಪು ಪೂರ್ತಿ ಬಿಚ್ಚಿಸಿ ತುಂಡುತುಂಡಾಗಿ ನೋಡಿದೆ. ಆಕ್ಸಲ್ ಮೇಲಿನ ಬೆಂಡನ್ನು ಒತ್ತಿ ಬಗ್ಗಿಸಿದ್ದರು. ಒಳಮಗ್ಗುಲು ಸುಕ್ಕುಗಟ್ಟಿ ಚಪ್ಪಟೆಯಾಗಿತ್ತು. ಒಳಗೆ ಕ್ಯಾಲಿಪರ್ ಹಿಡಿದರೆ ಕಿರಿದಾದ ಕಡೆ ಎರಡೂವರೆ ಇಂಚೂ ಇಲ್ಲ. ಸೈಲೆನ್ಸರ್ ಕೂಡ ಒಳಗೆ ಗೋಡೆಗಳಿದ್ದು ಹೊಗೆಯನ್ನು ತಿರುತಿರುಗಿಸಿ ಬಿಡುವ ಬಗೆಯದು. ಒಳಗೆ ಅಚ್ಚು ತೂರಿಸಿ ಬಗ್ಗಿಸುವ ಮ್ಯಾಂಡ್ರೆಲ್ ಬೆಂಡುಗಳನ್ನೂ, ತೂತುಗಳ ಕೊಳವೆ ನೇರ ಹಾಯುವ ಸೈಲೆನ್ಸರನ್ನೂ ಹಾಕಿಸಿದ ಮೇಲೆ ಮುಳ್ಳು 2ಕ್ಕೆ ಇಳಿಯಿತು. ಅದೇ ಮೂರು ಇಂಚು!

ಒಂದು ಎಚ್ಚರಿಕೆ. ಪೈಪು ಸರಾಗವಾದ ಕೂಡಲೇ ನನ್ನ ಬೂಸ್ಟ್ (ಟರ್ಬೊ ಎಂಜಿನ್ನಿಗೆ ನೂಕುವ ಗಾಳಿಯ ಒತ್ತಡ) ತಾನಾಗಿ ಏರತೊಡಗಿತು. ಹೆಚ್ಚಾದ ಹೊಗೆಯನ್ನು ಟರ್ಬೈನಿಗೆ ತಾಗದಂತೆ ಪಕ್ಕಕ್ಕೆ ಬಿಡುವ ಕವಾಟವಾದ, ಟರ್ಬೊ ಒಳಗಿನ ವೇಸ್ಟ್‌ಗೇಟಿನ ತೂತು ಸಾಲದಾಯಿತು. ಡೈನೊ ಮೇಲೆ ಇದ್ದದ್ದರಿಂದ ಕಣ್ಣಿಗೆ ಬಿತ್ತು, ಇಲ್ಲದಿದ್ದರೆ ಪಿಸ್ಟನ್ ಕರಗುವತನಕ ಗೊತ್ತಾಗುತ್ತಿರಲಿಲ್ಲ. ವೇಸ್ಟ್‌ಗೇಟ್ ಸರಿಪಡಿಸಿ, ಹೊಸದಾಗಿ ಟ್ಯೂನ್ ಮಾಡಿಸದೆ ಪೂರ್ತಿ ಆಕ್ಸಿಲರೇಟರ್ ಒತ್ತಬೇಡಿ.

ಉಳಿದದ್ದು 2,000 ಆರ್‌ಪಿಎಂನಲ್ಲಿ ಕಿವಿ ತುಂಬುವ ಗುಂಯ್ ಸದ್ದು. ಆರು ಸಿಲಿಂಡರಿಗೆ ಆ ವೇಗದಲ್ಲಿ ಸೆಕೆಂಡಿಗೆ 100 ಸ್ಫೋಟ. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 480 ಮೀಟರ್, ಅಂದರೆ ಒಂದು ಅಲೆಯ ಉದ್ದ 4.8 ಮೀಟರ್, ಅದರ ಕಾಲು ಭಾಗ 1.2 ಮೀಟರ್. ಅಷ್ಟುದ್ದದ, ಒಂದು ತುದಿ ಮುಚ್ಚಿದ ಪೈಪನ್ನು ಪಕ್ಕಕ್ಕೆ ಕೂಡಿಸಿದರೆ ಅಲ್ಲಿಗೆ ಹೋಗಿ ವಾಪಸು ಬರುವ ಅಲೆ ಮೂಲ ಸದ್ದನ್ನು ನುಂಗುತ್ತದೆ. ಬೇಕೆಂದೇ ಹತ್ತು ಸೆಂಟಿಮೀಟರ್ ಹೆಚ್ಚು ಉದ್ದ ಇಟ್ಟು, ಓಡಿಸಿ ನೋಡುತ್ತಾ ಕತ್ತರಿಸುತ್ತಾ ಬಂದೆ. ಮೂರನೆಯ ಸಲಕ್ಕೆ ಸದ್ದು ಅಡಗಿತು. ಈಗ ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡುತ್ತಾಳೆ.