ಕಾಫಿ ಮೂಟೆ ಲೆಕ್ಕದಲ್ಲೇ ಕ್ಲಾಸ್, ಆಬ್ಜೆಕ್ಟ್ ಕಲಿಯಿರಿ

ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಕೊಡಗಿನ ಮನೆಗಳಲ್ಲಿ ಮೂಟೆ ಲೆಕ್ಕ ಶುರು. ಅದನ್ನೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಾ ಹೋಗೋಣ. ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್, ಅಂದರೆ ವಿವರವನ್ನೂ ಅದರ ಲೆಕ್ಕವನ್ನೂ ಒಟ್ಟಿಗೆ ಕಟ್ಟಿಡುವ ವಿಧಾನ, ದಾರಿಯಲ್ಲೇ ಸಿಗುತ್ತದೆ.

ನಾನು ಮೊದಲ ಸಲ ತೂಕಕ್ಕೊಂದು ಪಟ್ಟಿ, ಔಟ್‌ಟರ್ನ್‌ಗೊಂದು ಪಟ್ಟಿ ಮಾಡಿದ್ದೆ. 50 ಕೆಜಿ ಒಣಗಿದ ಕಾಫಿ ಹಣ್ಣಿನಿಂದ ಎಷ್ಟು ಕೆಜಿ ಬೀಜ ಸಿಗುತ್ತದೋ ಅದೇ ಔಟ್‌ಟರ್ನ್. ಮಾರಿದ ಒಂದು ಮೂಟೆಯನ್ನು ತೂಕದ ಪಟ್ಟಿಯಿಂದ ಮಾತ್ರ ಅಳಿಸಿದೆ. ಅಲ್ಲಿಂದ ಮುಂದಿನ ಮೂಟೆಗಳಿಗೆಲ್ಲ ಯಾರದ್ದೋ ಔಟ್‌ಟರ್ನ್! ತಾಳೆ ನೋಡಿ ನೋಡಿ ಒಂದು ಸಂಜೆಯೇ ಹೋಯಿತು.

ಹಾಗಾಗಿ ಮೊದಲ ಕೆಲಸ, ಒಂದು ಮೂಟೆಯ ವಿವರವೆಲ್ಲ ಒಂದೇ ಕಡೆ ಇಡುವುದು. ‘ಮೂಟೆ’ ಅಂತ ಒಂದು ಕ್ಲಾಸ್ ಬರೆಯಿರಿ. ಪೈಥಾನ್ 3ರಲ್ಲಿ ಹೆಸರನ್ನು ಕನ್ನಡ ಅಕ್ಷರದಲ್ಲೇ ಇಡಬಹುದು. ಕ್ಲಾಸ್ ಅಂದರೆ ಖಾಲಿ ಫಾರಂ. ತೂಕ, ಔಟ್‌ಟರ್ನ್ ತುಂಬಿಸಿದ ಒಂದೊಂದು ಫಾರಂ ಒಂದೊಂದು ಆಬ್ಜೆಕ್ಟ್.

ಆಮೇಲೆ ಅದರೊಳಗೇ ‘ಬೆಲೆ’ ಅನ್ನುವ ಮೆಥಡ್, ಅಂದರೆ ಆಬ್ಜೆಕ್ಟ್ ತಾನೇ ಮಾಡುವ ಕೆಲಸ, ಬರೆಯಿರಿ. 50 ಕೆಜಿ ರೋಬಸ್ಟಾ ಚೆರ್ರಿ (ಒಣಗಿದ ಹಣ್ಣು) ಹಲ್ಲಿಂಗ್ ಮಾಡಿದಾಗ, ಅಂದರೆ ಸಿಪ್ಪೆ ತೆಗೆದಾಗ, 28 ಕೆಜಿ ಬೀಜ ಸಿಕ್ಕರೆ ಔಟ್‌ಟರ್ನ್ 28. ಔಟ್‌ಟರ್ನ್‌ನ ಒಂದೊಂದು ಪಾಯಿಂಟಿಗೆ 300 ರೂಪಾಯಿ ಅಂದುಕೊಳ್ಳಿ, ಮೂಟೆಗೆ 8,400 ಆಯಿತು. ತೂಕ 50 ಇಲ್ಲದಿದ್ದರೆ ತೂಕವನ್ನು 50ರಿಂದ ಭಾಗಿಸಿ, ಅದರಿಂದ ಗುಣಿಸಿ.

ಅವಸರದಲ್ಲಿ 28 ಹೋಗಿ 82 ಟೈಪ್ ಆಗುತ್ತೆ ಅಲ್ವಾ? 50 ಕೆಜಿಯಿಂದ 82 ಕೆಜಿ ಬೀಜ ಎಲ್ಲಿಂದ ಬರಬೇಕು! ಆಬ್ಜೆಕ್ಟ್ ಹುಟ್ಟುವಾಗಲೇ ಇದನ್ನು ತಡೆಯುವ ಸಾಲು ಹಾಕಿ. ಮೂಟೆಯ ನಿಯಮ ಮೂಟೆಯೊಳಗೇ ಇರಲಿ, ಇದು ಎನ್‌ಕ್ಯಾಪ್ಸುಲೇಷನ್‌ನ ತಿರುಳು. ಜಾವಾ ಎಂಬ ಇನ್ನೊಂದು ಭಾಷೆಯಲ್ಲಿ ‘ಪ್ರೈವೇಟ್’ ಅಂದರೆ ಹೊರಗಿನ ಕೋಡ್ ಸುಲಭಕ್ಕೆ ಒಳಗೆ ಕೈ ಹಾಕಲಾಗದು. ಪೈಥಾನ್‌ನಲ್ಲಿ ಅಂಥ ಬೀಗವಿಲ್ಲ, ಹೆಸರಿನ ಮುಂದೆ ಅಂಡರ್‌ಸ್ಕೋರ್ ಹಾಕಿ ‘ಮುಟ್ಟಬೇಡಿ’ ಅಂತ ಹೇಳುವುದಷ್ಟೇ.

ಕಾಫಿ ಮರದ ಪಕ್ಕದಲ್ಲೇ ಮೆಣಸಿನ ಬಳ್ಳಿ ಇದ್ದೇ ಇರುತ್ತದಲ್ಲ. ಕಾಳುಮೆಣಸಿಗೆ ಔಟ್‌ಟರ್ನ್ ಇಲ್ಲ, ಕೆಜಿ ಲೆಕ್ಕ. ಈಗ ‘ಮೂಟೆ’ಯಲ್ಲಿ ತೂಕ ಮಾತ್ರ ಉಳಿಸಿ. ಅದರಿಂದ ‘ಕಾಫಿಮೂಟೆ’, ‘ಮೆಣಸುಮೂಟೆ’ ಅಂತ ಎರಡು ಮರಿ ಕ್ಲಾಸ್ ಮಾಡಿ. ಔಟ್‌ಟರ್ನ್, ಅದನ್ನು ತಡೆಯುವ ಸಾಲು ‘ಕಾಫಿಮೂಟೆ’ಗೆ ಹೋಗಲಿ. ತೂಕ ಇಬ್ಬರಿಗೂ ಪಿತ್ರಾರ್ಜಿತ, ಇದೇ ಇನ್‌ಹೆರಿಟೆನ್ಸ್. ‘ಬೆಲೆ’ ಮಾತ್ರ ಅವರವರದ್ದು.

ಇದೆಲ್ಲ ಹೊಸದೇನಲ್ಲ. ಕ್ಲಾಸ್, ಇನ್‌ಹೆರಿಟೆನ್ಸ್ ಎರಡೂ ನಾರ್ವೆಯ ಡಾಲ್ ಮತ್ತು ನ್ಯೂಗಾರ್ಡ್ ರೂಪಿಸಿದ ಸಿಮುಲಾ 67 ಭಾಷೆಯಲ್ಲೇ ಇದ್ದವು.

ಕೊನೆಗೆ ಎಲ್ಲ ಮೂಟೆಗಳನ್ನೂ ಒಂದೇ ಪಟ್ಟಿಗೆ ಹಾಕಿ, ಒಂದು ಲೂಪ್‌ನಲ್ಲಿ ಪ್ರತಿಯೊಂದರ ‘ಬೆಲೆ’ ಕೇಳಿ ಕೂಡಿಸಿ. ಕಾಫಿ ತನ್ನ ಲೆಕ್ಕ ಹೇಳುತ್ತದೆ, ಮೆಣಸು ತನ್ನದು. ಪಾಲಿಮಾರ್ಫಿಸಂ ಅಂದರೆ ಇಷ್ಟೇ. ಮುಂದಿನ ವರ್ಷ ಏಲಕ್ಕಿ ಸೇರಿದರೆ ಇನ್ನೊಂದು ಮರಿ ಕ್ಲಾಸ್ ಬರೆಯಿರಿ, ಲೂಪ್ ಮುಟ್ಟಬೇಡಿ.