ಬಿಲ್ಲೆ ಇಲ್ಲದ ದೋಣಿ

ಹಲಸೂರು ಕೆರೆಯಲ್ಲಿ ಎಂಇಜಿ ಸೈನಿಕರು ಹಾಯಿದೋಣಿ ಓಡಿಸುವುದನ್ನು ದಡದಲ್ಲಿ ನಿಂತು ನೋಡುತ್ತಾ ಬೆಳೆದವನು ನಾನು. ಸ್ವಂತ ದೋಣಿ ಕೊಂಡದ್ದು ಮಾತ್ರ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪಕ್ಕ ನೆಲೆಸಿದ ಮೇಲೆ. ಮೊದಲ ಸಲವೇ ಸರಿಯಾಗಿ ಟೋಪಿ ಬಿತ್ತು.

ನಾನು ಓಡಿಸೋದು ಲೇಸರ್. ಒಬ್ಬರೇ ಓಡಿಸುವ, 4.23 ಮೀಟರ್ ಉದ್ದದ ರೇಸ್ ದೋಣಿ. 1996ರಿಂದ ಒಲಿಂಪಿಕ್ಸ್‌ನಲ್ಲಿದೆ. ನಮ್ಮ ವಿಷ್ಣು ಸರವಣನ್, ನೇತ್ರಾ ಕುಮನನ್ ಒಲಿಂಪಿಕ್ಸ್‌ಗೆ ಹೋದದ್ದು ಇದೇ ದೋಣಿಯಲ್ಲಿ. ಯಾವ ದೇಶದಲ್ಲಿ ಯಾರು ತಯಾರಿಸಿದರೂ ದೋಣಿ ಒಂದೇ ಥರ ಇರಬೇಕು ಅನ್ನೋದು ಇದರ ನಿಯಮ. ಆದರೆ ಆಗ ಒಂದೊಂದು ಪ್ರದೇಶ ಒಬ್ಬೊಬ್ಬ ತಯಾರಕರ ಕೈಯಲ್ಲಿತ್ತು. ಆಸ್ಟ್ರೇಲಿಯಾದ ದೋಣಿ ಗಟ್ಟಿ ಅಂತ ಕ್ಲಬ್ಬಿನಲ್ಲಿ ಎಲ್ಲರೂ ಹೇಳೋರು. ಕೇಳಿ ಸುಮ್ನೆ ಆಸೆಪಡಬೇಕಿತ್ತು, ಅಷ್ಟೇ.

2019ರಲ್ಲಿ ಜಗಳ ಶುರುವಾಯಿತು. ಕಾರ್ಖಾನೆ ತಪಾಸಣೆಗೆ ಬಿಡಲಿಲ್ಲ ಅಂತ ದೂರಿ, ಈ ದೋಣಿಯ ನಿಯಮ ನೋಡಿಕೊಳ್ಳುವ ಕ್ಲಾಸ್ ಸಂಸ್ಥೆ ಒಬ್ಬ ದೊಡ್ಡ ತಯಾರಕರ ಜೊತೆಗಿನ ಒಪ್ಪಂದವನ್ನೇ ಮುರಿಯಿತು. ಲೇಸರ್ ಅನ್ನೋ ಹೆಸರಿನ ಹಕ್ಕು ಆ ಕಡೆ ಇತ್ತು. ಹಾಗಾಗಿ ದೋಣಿಯ ಹೆಸರೇ ಕ್ಲಾಸ್ ಸಂಸ್ಥೆಯ ಹೆಸರಿನ ಮೊದಲಕ್ಷರಗಳಾದ ಐಎಲ್‌ಸಿಎ ಎಂದು ಬದಲಾಯಿತು.

ಇದೆಲ್ಲ ತಲೆಗೆ ಹಾಕಿಕೊಳ್ಳದೆ ನಾನು ಆ ವರ್ಷದ ಕೊನೆಗೆ ಅದೇ ತಯಾರಕರ ಹೊಸ ದೋಣಿ ಕೊಂಡೆ. ಬೆಲೆ ಕಡಿಮೆ ಇತ್ತಲ್ಲ! ಮುಂದೆ ಒಂದು ರೇಸಿಗೆ ಹೋದಾಗ ಅಳತೆ ನೋಡುವವರು ಕಾಕ್‌ಪಿಟ್ಟಿನ ಹಿಂಭಾಗದಲ್ಲಿ ಬೆರಳಾಡಿಸಿ, "ಬಿಲ್ಲೆ ಎಲ್ಲಿ?" ಅಂದರು. ದೋಣಿ ರೇಸಿಗೆ ಅರ್ಹ ಅಂತ ತೋರಿಸುವ, ಹಾಯಿದೋಣಿ ಆಟದ ವಿಶ್ವ ಸಂಸ್ಥೆ ವರ್ಲ್ಡ್ ಸೇಲಿಂಗ್‌ನ ಆ ಪುಟ್ಟ ಬಿಲ್ಲೆ ನನ್ನ ದೋಣಿಗೆ ಇರಲೇ ಇಲ್ಲ. ಕ್ಲಬ್ಬಿನಲ್ಲಿ ಓಡಿಸಿಕೊಳ್ಳಿ, ಕ್ಲಾಸ್ ರೇಸಿಗೆ ಬೇಡ ಅಂದರು. ಆ ದಿನ ದಡದಲ್ಲಿ ಕೂತು ಎಲ್ಲರ ಹಾಯಿ ಎಣಿಸಿದೆ.

2020ರಲ್ಲಿ ಥೈಲ್ಯಾಂಡ್, ಚೀನಾ ಅಂತ ಹೊಸ ತಯಾರಕರಿಗೆ ಒಪ್ಪಿಗೆ ಸಿಕ್ಕಿತು. ಪ್ರದೇಶದ ಬೇಲಿಯೂ ಹೋಯಿತು. ನಾವು ಐದು ಜನ ಸೇರಿ ಡೀಲರ್ ಮೂಲಕ ಥೈಲ್ಯಾಂಡಿನ ದೋಣಿಗೆ ದುಡ್ಡು ಕಟ್ಟಿದೆವು. ಒಂದೇ ದೋಣಿ ತರಿಸಿದರೆ ಸಾಗಣೆಯ ಖರ್ಚೇ ನುಂಗಿಬಿಡುತ್ತದೆ. ಕಂಟೇನರ್ ಹಂಚಿಕೊಂಡರೆ ಪರವಾಗಿಲ್ಲ. 2021ರಲ್ಲಿ ಕಂಟೇನರಿಗೇ ಬರ. ಬಂದರಿನ ಹೊರಗೆ ಹಡಗುಗಳ ಸಾಲು. ಏಪ್ರಿಲ್‌ಗೆ ಬರಬೇಕಾದದ್ದು ಸೆಪ್ಟೆಂಬರ್‌ಗೆ ಬಂತು. ಆ ವರ್ಷದ ರೇಸ್ ಮುಗಿದೇ ಹೋಗಿತ್ತು. ದೂರದ ಸರಕು ಕೊಳ್ಳೋರಿಗೆ ಈ ಕಾಯೋ ಕೆಲಸವೇ ಜಾಸ್ತಿ.

ಬಂದ ದಿನ ಮೊದಲು ಬಿಲ್ಲೆ ನೋಡಿದೆ. ಆಮೇಲೆ ಹಲ್, ಅಂದರೆ ದೋಣಿಯ ಒಡಲು ತೂಗಿಸಿದೆ, 59 ಕಿಲೋ ಹತ್ತಿರ, ಸರಿ. ಮಾಸ್ಟ್, ಅಂದರೆ ಹಾಯಿಯ ಕಂಬ ಕೂರುವ ಗುಂಡಿಗೆ ಒಂದು ಚೊಂಬು ನೀರು ಸುರಿದು, ಅಂಚಿಗೆ ಪೆನ್ಸಿಲ್ ಗೀಟು ಹಾಕಿ, ಕಾಫಿ ಕುಡಿದು ಬಂದೆ. ನೀರು ಗೀಟಿನಲ್ಲೇ ನಿಂತಿತ್ತು. ಇಳಿದಿದ್ದರೆ ಗುಂಡಿಯ ತಳ ಸೋರುತ್ತಿದೆ ಅಂತ ಅರ್ಥ. ಬೇರೆ ನಾಲ್ವರೂ ಅದೇ ಚೊಂಬು ಇಸ್ಕೊಂಡು ಹೋದರು. ಒಬ್ಬರದ್ದು ಸ್ವಲ್ಪ ಇಳಿಯಿತು. ಡೀಲರ್ ಊರಲ್ಲೇ ಇದ್ದದ್ದಕ್ಕೆ ವಾರದಲ್ಲಿ ರೆಸಿನ್ ಹಾಕಿಕೊಟ್ಟ. ಬ್ಯಾಂಕಾಕ್‌ಗೆ ಇಮೇಲ್ ಬರೆದು ಕಾಯಬೇಕಾಗಿದ್ದರೆ ಏನು ಗತಿ ಅಂತ ಆಮೇಲೆ ಎಲ್ಲರೂ ನಕ್ಕೆವು.

ಹಳೇ ದೋಣಿಯನ್ನು ಕಳೆದ ವರ್ಷ ಮಾರಿದೆ. ಒಂದು ಕೆರೆಯಲ್ಲಿ ಮಕ್ಕಳಿಗೆ ಹಾಯಿದೋಣಿ ಕಲಿಸುವ ಒಬ್ಬರು ಕೊಂಡರು. ಬಿಲ್ಲೆ ಇಲ್ಲ ಅಂತ ಮೊದಲೇ ತೋರಿಸಿ ಹೇಳಿದೆ. ಕೊಟ್ಟ ದುಡ್ಡಲ್ಲಿ ಅರ್ಧ ಬಂತು.