ಪಾಠ ಹೇಳೋ ಸೀನಿಯರ್‌ಗಳಿಗೆ ಮೊದಲು ಕಾಯೋದು ಕಲಿಸಿ

ನಿಮ್ಮ ಕಾಲೇಜಿನಲ್ಲಿ ಫಸ್ಟ್ ಇಯರ್ ಮಕ್ಕಳಿಗೆ ಸೀನಿಯರ್‌ಗಳಿಂದ ಪಾಠ ಹೇಳಿಸುವ ಯೋಚನೆ ಇದೆಯಾ? ಜಾಸ್ತಿ ಮಾರ್ಕ್ಸ್ ತೆಗೆದವರನ್ನು ನೇರ ಬೋರ್ಡ್ ಮುಂದೆ ನಿಲ್ಲಿಸಬೇಡಿ.

ನಾನು ತರಬೇತಿಯಲ್ಲಿ ಇಬ್ಬಿಬ್ಬರನ್ನು ಎದುರುಬದುರು ಕೂರಿಸುತ್ತೇನೆ. ಒಬ್ಬರು ಜೂನಿಯರ್, ಇನ್ನೊಬ್ಬರು ಟ್ಯೂಟರ್. ಪೆನ್ನು ಜೂನಿಯರ್ ಕೈಯಲ್ಲೇ ಇರಬೇಕು. "ಈ ಇಂಟಿಗ್ರೇಷನ್ ಬರ್ತಿಲ್ಲ" ಅಂದ ಕೂಡಲೇ ಟ್ಯೂಟರ್ ಕೈ ಪೆನ್ನಿನ ಕಡೆ ಚಾಚುತ್ತೆ, ಪ್ರತಿ ಸಲವೂ! ಅಲ್ಲಿ ತಡೆಯಿರಿ. "ಎಲ್ಲಿವರೆಗೆ ಮಾಡಿದ್ದೀಯ, ತೋರಿಸು" ಅಂತ ಕೇಳಿಸಿ. ಕೇಳಿದ ಮೇಲೆ ಹತ್ತು ಸೆಕೆಂಡ್ ಸುಮ್ಮನಿರಬೇಕು. ಆ ಹತ್ತು ಸೆಕೆಂಡೇ ಕಷ್ಟ, ಅದಕ್ಕೇ ಮತ್ತೆ ಮತ್ತೆ ಮಾಡಿಸಿ.

"ಅರ್ಥ ಆಯ್ತಾ?" ಅಂತ ಕೇಳೋ ಅಭ್ಯಾಸವನ್ನೇ ಬಿಡಿಸಿ. ಎಲ್ಲರೂ ತಲೆಯಾಡಿಸುತ್ತಾರೆ, ಅಲ್ವಾ? "ನಿನ್ನ ಮಾತಲ್ಲಿ ಹೇಳು, ಕನ್ನಡದಲ್ಲೇ ಹೇಳು" ಅನ್ನಲಿ. ಕನ್ನಡ ಮೀಡಿಯಂನಿಂದ ಬಂದ ಹುಡುಗಿ ಆಗ ಬಾಯಿ ಬಿಡುತ್ತಾಳೆ.

ದಡ್ಡರಿಗೆ ಮಾತ್ರ ಅಂತ ಕ್ಲಾಸ್ ಇಡಬೇಡಿ, ನಾಚಿಕೊಂಡು ಯಾರೂ ಬರಲ್ಲ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ಕ್ಯಾಂಪಸ್‌ನಲ್ಲಿ 1973ರಲ್ಲಿ ಶುರುವಾದ 'ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್' (ಕ್ಲಾಸಿನ ಜೊತೆಗೆ ಸೀನಿಯರ್‌ಗಳು ನಡೆಸುವ ಹೆಚ್ಚುವರಿ ಪಾಠ) ಪದ್ಧತಿಯಲ್ಲಿ ಗುರುತಿಸುವುದು ಕಷ್ಟದ ವಿಷಯವನ್ನು, ಹಿಂದುಳಿದ ಮಕ್ಕಳನ್ನಲ್ಲ. ಯಾರು ಬೇಕಾದರೂ ಬರಬಹುದು. ಟ್ಯೂಟರ್ ಕೂಡ ಜೂನಿಯರ್‌ಗಳ ಜೊತೆ ಮತ್ತೆ ಅದೇ ಕ್ಲಾಸಿನಲ್ಲಿ ಕೂತು ನೋಟ್ಸ್ ಬರೆಯುತ್ತಾರೆ. ನನಗೆ ತುಂಬಾ ಹಿಡಿಸಿದ್ದು ಇದೇ.

ಮನೆ ನೆನಪಾಗಿ ಅತ್ತರೆ, ಫೀಸ್ ತೊಂದರೆ ಹೇಳಿಕೊಂಡರೆ ಯಾರ ಹತ್ತಿರ ಕಳಿಸಬೇಕು ಅಂತ ಹೆಸರು, ರೂಮ್ ನಂಬರ್ ಬರೆದು ಕೊಟ್ಟಿರಿ. ಜೊತೆಗೆ ರ್‍ಯಾಗಿಂಗ್ ವಿರೋಧಿ ಸಹಾಯವಾಣಿ ನಂಬರ್ ಕೂಡ: 1800-180-5522.